ಮೂಗಿನ ಮೇಲಿನ ಕ್ಯಾನ್ಸರ್ ಗಂಟು: ಇಷ್ಟು ಚಿಕ್ಕದಕ್ಕೆ ಅಷ್ಟು ದೊಡ್ಡ ಗಾಯ ಏಕೆ?

ಪ್ರಶ್ನೆ: ನಮ್ಮ ತಂದೆಗೆ 64 ವರ್ಷ, ಹೊಲದಲ್ಲಿ ದುಡಿದವರು. ಮೂಗಿನ ಪಕ್ಕ ಎರಡು ವರ್ಷದಿಂದ ಕಪ್ಪು ಗಂಟೊಂದಿತ್ತು. ಮಚ್ಚೆ ಅಂದುಕೊಂಡು ಸುಮ್ಮನಿದ್ದೆವು. ಈಚೆಗೆ ಹುಣ್ಣಾಗಿ ರಕ್ತ ಬಂತು. ಬಯಾಪ್ಸಿಯಲ್ಲಿ ಬೇಸಲ್ ಸೆಲ್ ಕಾರ್ಸಿನೋಮ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಎಂದು ಬಂದಿದೆ. ಗಂಟು ಬರೀ 8 ಮಿ.ಮೀ. ಇದೆ. ವೈದ್ಯರು ಅದರ ಎರಡರಷ್ಟು ಅಗಲ ಕತ್ತರಿಸಿ, ಕಿವಿಯ ಹಿಂದಿನ ಚರ್ಮ ತಂದು ಹಾಕಬೇಕು ಎನ್ನುತ್ತಾರೆ. ಕತ್ತಿ ಸೋಕಿದರೆ ಕ್ಯಾನ್ಸರ್ ಮೈಗೆಲ್ಲ ಹಬ್ಬುತ್ತದೆ ಎಂದು ಮನೆಯ ಹಿರಿಯರು ಹೆದರಿಸುತ್ತಿದ್ದಾರೆ. ತಂದೆಗೆ ಹೃದಯದಲ್ಲಿ ಸ್ಟೆಂಟ್ ಇದೆ, ಆಸ್ಪಿರಿನ್ ತಗೊಳ್ತಾರೆ. ಬೀಡಿ ಅಭ್ಯಾಸವೂ ಇದೆ. ಏನು ಮಾಡಲಿ?
– ಓದುಗರು, ದಾವಣಗೆರೆ

ಉತ್ತರ: ಮೊದಲು ಹಿರಿಯರ ಭಯದ ಬಗ್ಗೆ. ಕತ್ತಿ ಸೋಕಿದ್ದರಿಂದ ಈ ಕ್ಯಾನ್ಸರ್ ಹಬ್ಬುವುದಿಲ್ಲ. ಬೇಸಲ್ ಸೆಲ್ ಕಾರ್ಸಿನೋಮ ದೂರದ ಅಂಗಗಳಿಗೆ ಹರಡುವುದೇ ತೀರಾ ಅಪರೂಪ. ಅದರ ಅಪಾಯವೆಲ್ಲ ಇದ್ದ ಜಾಗದಲ್ಲೇ. ಬಿಟ್ಟಷ್ಟೂ ಕೆಳಗಿಳಿದು ಮೂಗಿನ ಮೆದುಮೂಳೆ, ಕಣ್ಣಿನ ಅಂಚು, ಕೊನೆಗೆ ಮೂಳೆಯನ್ನೂ ತಿನ್ನುತ್ತದೆ. ನಮ್ಮ ಮೈಬಣ್ಣದವರಲ್ಲಿ ಇದು ಹೆಚ್ಚಾಗಿ ಕಪ್ಪಾಗಿಯೇ ಇರುವುದರಿಂದ ಮಚ್ಚೆ ಎಂದುಕೊಂಡು ತಡವಾಗಿ ಬರುವವರೇ ಬಹಳ. ನಿಮ್ಮದು ಇನ್ನೂ 8 ಮಿ.ಮೀ. ಇದ್ದಾಗಲೇ ಸಿಕ್ಕಿದೆ, ಮುಂದೂಡಬೇಡಿ.

ಗಾಯದ ಅಳತೆಗೆ ಕಾರಣವಿದೆ. ಕ್ಯಾನ್ಸರ್ ಕೋಶಗಳು ಕಣ್ಣಿಗೆ ಕಾಣುವ ಅಂಚಿನಾಚೆಗೂ ಬೇರು ಬಿಟ್ಟಿರುತ್ತವೆ. 2 ಸೆಂ.ಮೀ.ಗಿಂತ ಚಿಕ್ಕದಾದ, ಅಂಚು ಸ್ಪಷ್ಟವಾಗಿರುವ ಗಂಟಿನ ಸುತ್ತ 4 ಮಿ.ಮೀ. ಒಳ್ಳೆಯ ಚರ್ಮ ಸೇರಿಸಿ ತೆಗೆದರೆ ನೂರರಲ್ಲಿ ಸುಮಾರು 95 ಗಂಟುಗಳು ಪೂರ್ತಿ ಹೋಗುತ್ತವೆ. ಎರಡೂ ಬದಿಗೆ ನಾಲ್ಕು ನಾಲ್ಕು ಸೇರಿಸಿದರೆ 16 ಮಿ.ಮೀ. ಆಯಿತು. ಬೆನ್ನಿನ ಮೇಲಾಗಿದ್ದರೆ ದೋಣಿಯಾಕಾರದಲ್ಲಿ, ಅಗಲದ ಮೂರರಷ್ಟು ಉದ್ದ ಕತ್ತರಿಸಿ ನೇರ ಹೊಲಿಯಬಹುದಿತ್ತು. ಮೂಗಿನ ಚರ್ಮ ಬಿಗಿ. ಎಳೆದು ಹೊಲಿದರೆ ಹೊಳ್ಳೆ ಮೇಲಕ್ಕೆ ಸೊಟ್ಟಗಾಗುತ್ತದೆ. ಅದಕ್ಕೇ ಕಿವಿಯ ಹಿಂದಿನ ಚರ್ಮದ ಕಸಿ, ಇಲ್ಲವೇ ಪಕ್ಕದ ಚರ್ಮವನ್ನೇ ಸರಿಸಿ ಮುಚ್ಚುವ ಫ್ಲಾಪ್.

ನಿಮ್ಮ ವೈದ್ಯರನ್ನು ಒಂದು ಮಾತು ಕೇಳಲೇಬೇಕು: ‘ಅಂಚು ಶುದ್ಧವಾಗಿದೆ ಎಂದು ಯಾವಾಗ ಗೊತ್ತಾಗುತ್ತದೆ, ಗಾಯ ಮುಚ್ಚುವ ಮೊದಲೋ ಆಮೇಲೋ?’ ಮೂಗು, ಕಣ್ಣಿನ ಸುತ್ತ, ಕಿವಿ, ಇವು ಗಂಟು ಮತ್ತೆ ಬರುವ ಸಾಧ್ಯತೆ ಹೆಚ್ಚಿರುವ ಜಾಗಗಳು. ಮೋಸ್ ಶಸ್ತ್ರಚಿಕಿತ್ಸೆಯಲ್ಲಿ ಪದರ ಪದರವಾಗಿ ತೆಗೆದು, ತಳ ಮತ್ತು ಸುತ್ತಲ ಅಂಚನ್ನೆಲ್ಲ ಆಗಲೇ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಪ್ರತಿ ಸುತ್ತಿಗೆ ಸುಮಾರು ಒಂದು ಗಂಟೆ ಬೇಕು. ಇದು ಕೆಲವೇ ಕಡೆ ಸಿಗುತ್ತದೆ. ಸಿಗದಿದ್ದರೆ ಗಾಯಕ್ಕೆ ಡ್ರೆಸ್ಸಿಂಗ್ ಹಾಕಿಟ್ಟು, ತೆಗೆದ ಭಾಗದ ಪೆಥಾಲಜಿ (ಸೂಕ್ಷ್ಮದರ್ಶಕ ಪರೀಕ್ಷೆಯ) ವರದಿ ಬಂದ ಮೇಲೆ ಮುಚ್ಚುವ ದಾರಿಯೂ ಇದೆ. ವರದಿಗೆ ಮೊದಲೇ ಫ್ಲಾಪ್ ತಿರುಗಿಸಿ ಹೊಲಿಯುವುದು ನಮಗೆ ಸರಿಕಾಣುವುದಿಲ್ಲ. ಕೋಶ ಉಳಿದಿದ್ದರೆ ಅಂಚುಗಳೆಲ್ಲ ಜಾಗ ಬದಲಿಸಿರುತ್ತವೆ, ಹುಡುಕುವುದು ಕಷ್ಟ. ಕಸಿಯಲ್ಲಿ ಆ ತೊಡಕು ಕಡಿಮೆ.

ಆಪರೇಷನ್ ಸಾಮಾನ್ಯವಾಗಿ ಆ ಜಾಗಕ್ಕೆ ಮಾತ್ರ ಅರಿವಳಿಕೆ ಕೊಟ್ಟು ಮಾಡುವಂಥದ್ದು, ತಂದೆಯವರು ಎಚ್ಚರವಾಗಿಯೇ ಇರುತ್ತಾರೆ. ಚುಚ್ಚುಮದ್ದು ಕೆಲವು ಸೆಕೆಂಡು ಉರಿಯುತ್ತದೆ. ಆಮೇಲೆ ಎಳೆದಂತೆ, ಒತ್ತಿದಂತೆ ಅನಿಸಬಹುದು, ನೋವಾಗಬಾರದು. ನೋವಾದರೆ ಹೇಳಲಿ, ಇನ್ನಷ್ಟು ಮದ್ದು ಕೊಡುತ್ತಾರೆ. ರಕ್ತ ನಿಲ್ಲಿಸಲು ವಿದ್ಯುತ್ತಿನಿಂದ ಸುಡುವಾಗ ವಾಸನೆ ಬರುತ್ತದೆ, ಗಾಬರಿ ಬೇಡ. ಪೇಸ್‌ಮೇಕರ್ ಇರುವವರು ಮಾತ್ರ ಅದಿದೆ ಎಂದು ಮೊದಲೇ ತಿಳಿಸಬೇಕು.

ಆಸ್ಪಿರಿನ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ. ಇಂಥ ಆಪರೇಷನ್ನಿನ ರಕ್ತಸ್ರಾವವನ್ನು ತಡೆಯಬಹುದು, ಸ್ಟೆಂಟ್ ಕಟ್ಟಿಕೊಂಡರೆ ಜೀವಕ್ಕೇ ಅಪಾಯ. ನಿಲ್ಲಿಸಬೇಕಾದದ್ದು ಬೀಡಿ: ಕನಿಷ್ಠ ಎರಡು ವಾರ ಮೊದಲಿಂದ, ಆಮೇಲೆ ಮೂರು ನಾಲ್ಕು ವಾರ. ಕಸಿ ಮಾಡಿದ ಚರ್ಮಕ್ಕೆ ಮೊದಲ ದಿನಗಳಲ್ಲಿ ಸ್ವಂತ ರಕ್ತನಾಳ ಇರುವುದಿಲ್ಲ, ತಳದಿಂದ ಒಸರುವ ದ್ರವದಲ್ಲೇ ಬದುಕುತ್ತದೆ. ನಿಕೋಟಿನ್ ತಳದ ನಾಳಗಳನ್ನು ಕುಗ್ಗಿಸಿದರೆ ಕಸಿ ಕಪ್ಪಾಗಿ ಸಾಯುತ್ತದೆ. ಗುಟ್ಕಾದಲ್ಲೂ ಅದೇ ನಿಕೋಟಿನ್.

ಕಸಿಯ ಮೇಲೆ ಒತ್ತಿ ಕಟ್ಟಿದ ಹತ್ತಿಯ ಉಂಡೆಯನ್ನು 5ರಿಂದ 7 ದಿನ ಬಿಚ್ಚಬಾರದು, ನೆನೆಸಬಾರದು. ಎರಡು ಮೂರನೇ ದಿನ ಕಣ್ಣಿನ ಕೆಳಗೆ ಊದಿ ನೀಲಿಗಟ್ಟುವುದು ಸಹಜ, ಎರಡು ದಿಂಬು ಇಟ್ಟು ಮಲಗಲಿ. ನೋವಿಗೆ ಪ್ಯಾರಸಿಟಮಾಲ್ ಸಾಕು. ರಕ್ತ ಒಸರುವುದು ಹೆಚ್ಚಾಗಿ ಮೊದಲ 48 ಗಂಟೆಯಲ್ಲಿ. ಶುಭ್ರ ಬಟ್ಟೆಯಿಂದ ಗಡಿಯಾರ ನೋಡಿಕೊಂಡು 20 ನಿಮಿಷ ಒತ್ತಿಹಿಡಿಯಿರಿ. ನಿಂತಿತೇ ಎಂದು ನಡುವೆ ಎತ್ತಿ ನೋಡಿದರೆ ಮತ್ತೆ ಶುರುವಾಗುತ್ತದೆ. ಅಷ್ಟಕ್ಕೂ ನಿಲ್ಲದಿದ್ದರೆ, ಅಥವಾ ಮೂರು ದಿನದ ಮೇಲೆ ನೋವು ಇಳಿಯುವ ಬದಲು ಏರಿ ಕೀವು, ಜ್ವರ ಬಂದರೆ ಆಸ್ಪತ್ರೆಗೆ ಹೋಗಿ. ಕಟ್ಟು ಬಿಚ್ಚಿದಾಗ ಕಸಿ ನೇರಳೆ ಬಣ್ಣದಲ್ಲಿ ಕಾಣಬಹುದು, ಅದು ಕೆಟ್ಟಿತು ಎಂದಲ್ಲ. ಅರಿಶಿನ, ಸುಣ್ಣ ಹಚ್ಚಬೇಡಿ, ವೈದ್ಯರು ಹೇಳಿದಂತೆ ತೆಳ್ಳಗೆ ವ್ಯಾಸಲೀನ್ ಸವರಿದರೆ ಸಾಕು.

ಪೆಥಾಲಜಿ ವರದಿ ಕೈಗೆ ಬಂದಾಗ ‘ಮಾರ್ಜಿನ್’ (ಅಂಚು) ಎಂಬ ಸಾಲು ಹುಡುಕಿ ಓದಿಸಿಕೊಳ್ಳಿ. ಒಂದು ಕಡೆ ಅಂಚಿನಲ್ಲಿ ಕೋಶ ಉಳಿದಿದ್ದರೆ ಸಾಮಾನ್ಯವಾಗಿ ಆ ಭಾಗವನ್ನು ಮತ್ತೆ ತೆಗೆಯಬೇಕಾಗುತ್ತದೆ. ಪೂರ್ತಿ ಶುದ್ಧವಿದ್ದರೂ ಆರು ತಿಂಗಳಿಂದ ವರ್ಷಕ್ಕೊಮ್ಮೆ ಇಡೀ ಮುಖ, ಕಿವಿ, ಕುತ್ತಿಗೆ ತೋರಿಸಿಕೊಂಡು ಬನ್ನಿ. ಒಮ್ಮೆ ಬಂದವರಿಗೆ ಬೇರೆ ಜಾಗದಲ್ಲಿ ಹೊಸ ಗಂಟು ಏಳುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು.