ಎಣಿಕೆಗೆ ಸಿಲುಕಿದ ವಾಗ್ದಾನಗಳು: ಒಂದು ಆಪ್ತಸಲಹೆ ಪ್ರಕರಣ

ಸಲಹೆ ಪಡೆದವರ ಒಪ್ಪಿಗೆಯಿಂದ, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆದಿದ್ದೇನೆ.

ನಲವತ್ತರ ಆಸುಪಾಸಿನ ಆ ಮಹಿಳೆ ಮೊದಲ ಭೇಟಿಯಲ್ಲಿ ಹೇಳಿಕೊಂಡದ್ದು ನಿದ್ರೆಯ ತೊಂದರೆಯನ್ನು ಮಾತ್ರ. ಅವರು ಚಿಕ್ಕಂದಿನಿಂದ ಸತ್ಯವೇದ, ಅಂದರೆ ಬೈಬಲ್, ಓದುತ್ತ ಬೆಳೆದವರು, ಕ್ರೈಸ್ತ ಸಭೆಯಲ್ಲಿ ಮಕ್ಕಳಿಗೆ ಪಾಠ ಹೇಳುವವರು. ತಮ್ಮನಿಗೆ ಮೂತ್ರಪಿಂಡದ ಕಾಯಿಲೆ ಇದೆಯೆಂದು ತಿಳಿದ ದಿನದಿಂದ ವಾಗ್ದಾನದ ವಚನಗಳನ್ನು, ಅಂದರೆ ದೇವರು ಮಾತು ಕೊಡುವ ಸತ್ಯವೇದದ ಸಾಲುಗಳನ್ನು, ಒಂದು ನೋಟ್‌ಪುಸ್ತಕದಲ್ಲಿ ಬರೆದಿಟ್ಟುಕೊಂಡು ಪ್ರತಿ ರಾತ್ರಿ ಪಠಿಸತೊಡಗಿದ್ದರು. ಮೊದಲು 12 ಇದ್ದ ವಚನಗಳು ನಮ್ಮ ಭೇಟಿಯ ಹೊತ್ತಿಗೆ 60 ದಾಟಿದ್ದವು. ಓದುವಾಗ ಮನಸ್ಸು ಬೇರೆಡೆ ಹರಿದರೆ ಆ ಒಂದು ವಚನವನ್ನಲ್ಲ, ಇಡೀ ಪಟ್ಟಿಯನ್ನೇ ಮೊದಲಿನಿಂದ ಓದಬೇಕೆಂಬ ನಿಯಮವನ್ನು ತಾವೇ ಮಾಡಿಕೊಂಡಿದ್ದರು. “ತಮ್ಮನ ರಕ್ತಪರೀಕ್ಷೆಯ ವರದಿ ಸರಿಯಿಲ್ಲದಿದ್ದರೆ, ಹಿಂದಿನ ರಾತ್ರಿ ನಾನು ಎಲ್ಲಿ ತಪ್ಪಿದೆ ಎಂದು ಹುಡುಕುತ್ತೇನೆ” ಎಂದು ಅವರು ತಲೆ ತಗ್ಗಿಸಿ ಹೇಳಿದಾಗ, ವಿಷಯ ನಿದ್ರೆಯದಲ್ಲವೆಂದು ನನಗೆ ಅರ್ಥವಾಯಿತು.

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಎರಡು ವಾರ ನೋಟ್‌ಪುಸ್ತಕವನ್ನು ತೆರೆಯಲೇಬೇಡಿ ಎಂದು ಹೇಳಿ ಕಳುಹಿಸಿದೆ. ಅವರು ವಿಧೇಯತೆಯಿಂದ ಪಾಲಿಸಿದರು. ಮೊದಲಿಗಿಂತ ಬಳಲಿ ಹಿಂದಿರುಗಿದರು. ದೇವರೊಡನೆ ಮಾತನಾಡಲು ಅವರಿಗಿದ್ದ ಭಾಷೆಯೇ ಆ ವಚನಗಳಾಗಿದ್ದವು. ಅದನ್ನು ಕಸಿದುಕೊಂಡು, ಬದಲಿಗೆ ನಾನು ಏನನ್ನೂ ಕೊಟ್ಟಿರಲಿಲ್ಲ.

ಎಣಿಕೆ, ಮರುಪಠಣ ಮತ್ತು ತಪ್ಪಿದರೆ ಅನಾಹುತವಾದೀತೆಂಬ ಭಯ ಒಟ್ಟಿಗೆ ಕಂಡುಬಂದದ್ದರಿಂದ, ಗೀಳಿನ ಕಾಯಿಲೆಯ ಸಾಧ್ಯತೆಯನ್ನು ಪರಿಶೀಲಿಸಲು ಮನೋವೈದ್ಯರ ಬಳಿಗೆ ಕಳುಹಿಸಿದೆ. ವೈದ್ಯರು ಚಿಕಿತ್ಸೆ ಆರಂಭಿಸಿದರು. “ನಂಬಿಕೆಯ ಕೊರತೆಗೆ ಮಾತ್ರೆಯೇ?” ಎಂದು ಆಕೆ ಕೇಳಿದ್ದರು. ಸಾಯಬೇಕೆಂದು ಬಯಸಿ ಗಿಡದ ಕೆಳಗೆ ಮಲಗಿದ ಪ್ರವಾದಿ ಎಲೀಯನನ್ನು ದೇವದೂತನು ಗದರಿಸಲಿಲ್ಲ, ಎರಡು ಸಲ ಎಬ್ಬಿಸಿ ಉಣ್ಣಲು ಕೊಟ್ಟನು, ಎರಡು ಊಟದ ನಡುವೆ ಮತ್ತೆ ಮಲಗಲೂ ಬಿಟ್ಟನು ಎಂದು ನೆನಪಿಸಿದೆ. ಶರೀರ ದಣಿದಿರುವುದನ್ನು ಅವಿಶ್ವಾಸವೆಂದು ಕರೆಯುವವರನ್ನು ಕಂಡರೆ ನನಗೆ ತಾಳ್ಮೆ ಉಳಿಯುವುದಿಲ್ಲ.

ಉಳಿದ ಭೇಟಿಗಳಲ್ಲಿ ನಾವು ಹೆಚ್ಚು ಹೊತ್ತು ಕಳೆದದ್ದು ಎರಡು ಪದಗಳ ಮೇಲೆ. ಒಂದು, ಧ್ಯಾನ. ಹಗಲಿರುಳು ದೇವರ ಧರ್ಮಶಾಸ್ತ್ರವನ್ನು ಧ್ಯಾನಿಸಬೇಕೆಂದು ಸತ್ಯವೇದದ ಯೆಹೋಶುವ 1:8ರಲ್ಲಿಯೂ (ಅಧ್ಯಾಯ 1, ವಚನ 8) ಅದರ ಕೀರ್ತನೆಗಳ ಪುಸ್ತಕದ ಮೊದಲನೆಯ ಕೀರ್ತನೆಯಲ್ಲಿಯೂ ಬರುವಲ್ಲಿ ಮೂಲ ಹೀಬ್ರೂ ಕ್ರಿಯಾಪದ ‘ಹಾಗಾ’. ಯೆಶಾಯ 31:4ರಲ್ಲಿ ಬೇಟೆಯ ಮೇಲೆ ನಿಂತು ಗುರುಗುಟ್ಟುವ ಸಿಂಹಕ್ಕೂ, 38:14ರಲ್ಲಿ ರೋಗದಿಂದ ನರಳಿದ ಅರಸ ಹಿಜ್ಕೀಯನು ತನ್ನನ್ನು ಪಾರಿವಾಳಕ್ಕೆ ಹೋಲಿಸಿಕೊಂಡು ಮೂಲುಗುವುದಕ್ಕೂ ಇದೇ ಪದವಿದೆ. ಆದುದರಿಂದ ಧ್ಯಾನವೆಂದರೆ ಮನಸ್ಸನ್ನು ನಿಶ್ಚಲವಾಗಿ ಹಿಡಿದು ನಿಲ್ಲಿಸುವ ಸಾಧನೆ ಎಂದು ಅವರು ತಿಳಿದುಕೊಂಡಿದ್ದುದು ಈ ಪದಕ್ಕೆ ಹೊಂದುವುದಿಲ್ಲ. ನಮ್ಮ ಭಾಷೆಯ ‘ಮೆಲುಕು ಹಾಕುವುದು’ ಅದಕ್ಕೆ ಹತ್ತಿರವಾದದ್ದು. ಮೆಲುಕು ಹಾಕುವ ಹಸು ತುತ್ತುಗಳನ್ನು ಎಣಿಸುವುದಿಲ್ಲ ಎಂದಾಗ ಅವರು ಮೊದಲ ಸಲ ನಕ್ಕರು.

ಎರಡನೆಯದು ವಾಗ್ದಾನ, ಅಂದರೆ ಕೊಟ್ಟ ಮಾತು. ಮಾತನ್ನು ನಡೆಸುವ ಹೊಣೆ ಕೊಟ್ಟವನದೇ ಹೊರತು ಕೇಳಿಸಿಕೊಂಡವನದಲ್ಲ. ಅವರ ಪಟ್ಟಿಯ ಮೊದಲ ವಚನ, ಕೇಡಿನದಲ್ಲ, ಹಿತದ ಯೋಚನೆಗಳನ್ನು ಹೇಳುವ ಯೆರೆಮೀಯ 29:11 ಆಗಿತ್ತು. ಇಡೀ ಅಧ್ಯಾಯವನ್ನು ಒಟ್ಟಿಗೆ ಓದಿದೆವು. ಅದು ಬಾಬೆಲಿಗೆ (ಬ್ಯಾಬಿಲೋನ್) ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯನು ಬರೆದ ಪತ್ರ. ಅಲ್ಲಿಯೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದು ಅದು ಹೇಳುತ್ತದೆ. 11ನೆಯ ವಚನಕ್ಕೆ ಮುಂಚಿನ ವಚನದಲ್ಲಿ 70 ವರ್ಷಗಳ ಅವಧಿ ನಮೂದಾಗಿದೆ. ಹಿಂದಿನ ಅಧ್ಯಾಯದಲ್ಲಿ ಎರಡೇ ವರ್ಷಗಳಲ್ಲಿ ಎಲ್ಲವೂ ಸರಿಹೋಗುತ್ತದೆ ಎಂದು ಸಾರಿದವನು ಹನನ್ಯ, ಅವನೇ ಸುಳ್ಳು ಪ್ರವಾದಿ. ಹೀಗೆ ಓದಿದರೆ ವಚನದ ಸಾಂತ್ವನ ಕಡಿಮೆಯಾಗುವುದಿಲ್ಲ, ಆದರೆ ಅದನ್ನು ವೈದ್ಯಕೀಯ ವರದಿಯ ಮುನ್ಸೂಚನೆಯಾಗಿ ಬಳಸಲು ಬರುವುದಿಲ್ಲ. ಕೀರ್ತನೆ 91ರ ಕಾವಲಿನ ಮಾತುಗಳನ್ನು ಸಂದರ್ಭದಿಂದ ಕಿತ್ತು, ದೇವಾಲಯದ ತುದಿಯಿಂದ ಧುಮುಕಲು ಪ್ರೇರಣೆಯಾಗಿ ಯೇಸುವಿನ ಮುಂದಿಟ್ಟವನು ಸೈತಾನನೆಂಬುದನ್ನು ಮತ್ತಾಯ 4ರಲ್ಲಿ ತೋರಿಸಿದಾಗ ಅವರು ಬಹಳ ಹೊತ್ತು ಮೌನವಾಗಿದ್ದರು.

“ಹಾಗಾದರೆ ತಮ್ಮನಿಗಾಗಿ ಏನನ್ನು ಹಿಡಿದುಕೊಳ್ಳಲಿ?” ಇದು ಅವರ ನಿಜವಾದ ಪ್ರಶ್ನೆ. ಗುಣವಾಗುತ್ತದೆ ಎಂಬ ಭರವಸೆಯನ್ನು ಕೊಡುವ ಅಧಿಕಾರ ನನಗಿರಲಿಲ್ಲ, ಕೊಡಲಿಲ್ಲ. ಅಪೊಸ್ತಲ ಪೌಲನು ತಾನು ‘ಶರೀರದ ಮುಳ್ಳು’ ಎಂದು ಕರೆದ ಬಾಧೆ ನೀಗಲೆಂದು ಮೂರು ಸಲ ಬೇಡಿಕೊಂಡನು. ಮುಳ್ಳು ಹೋಗಲಿಲ್ಲ, ಕೃಪೆ ಸಾಕೆಂಬ ಉತ್ತರ ಬಂತು. ಯೆಶಾಯ 43:2 ನೀರು ಎದುರಾಗುವುದೇ ಇಲ್ಲ ಎನ್ನುವುದಿಲ್ಲ, ನೀರನ್ನು ಹಾಯುವಾಗ ಜೊತೆಗಿರುತ್ತೇನೆ ಎನ್ನುತ್ತದೆ. ಗುಣವಾಗಲೆಂದು ಧಾರಾಳವಾಗಿ ಬೇಡಿಕೊಳ್ಳಿ, ಆದರೆ ಜೊತೆಗಿರುತ್ತೇನೆ ಎಂಬ ಮಾತಿನ ಮೇಲೆ ನಿಂತು ಬೇಡಿಕೊಳ್ಳಿ ಎಂದೆ.

ರೂಢಿಗೆ ಸಂಬಂಧಿಸಿದಂತೆ, ಮನೋವೈದ್ಯರೊಡನೆ ಚರ್ಚಿಸಿ ಕೊಟ್ಟ ಸಲಹೆ ಚಿಕ್ಕದಾಗಿತ್ತು. ರಾತ್ರಿಯ ಬದಲು ಬೆಳಿಗ್ಗೆ ಕಾಲು ಗಂಟೆ ಒಂದೇ ಕೀರ್ತನೆಯನ್ನು, ಕೀರ್ತನೆ 77ನ್ನು, ಮೆಲುದನಿಯಲ್ಲಿ ಓದುವುದು; ಯಾವ ಸಾಲು ತಡೆದು ನಿಲ್ಲಿಸುತ್ತದೆಯೋ ಅಲ್ಲಿಯೇ ನಿಂತು ಅದನ್ನು ಪ್ರಾರ್ಥನೆಯಾಗಿ ತಿರುಗಿಸುವುದು; ಮನಸ್ಸು ಅಲೆದಾಡಿದರೆ, ಭಯವಾದರೂ ಸರಿ, ಹಿಂದಕ್ಕೆ ಹೋಗದೆ ಇದ್ದಲ್ಲಿಂದಲೇ ಮುಂದುವರಿಯುವುದು; ಕಾಲು ಗಂಟೆ ಮುಗಿದಾಗ ಸಾಲಿನ ನಡುವಿದ್ದರೂ ಪುಸ್ತಕ ಮುಚ್ಚುವುದು. ಕೀರ್ತನೆ 77ನ್ನು ಆರಿಸಿದ್ದಕ್ಕೆ ಕಾರಣವಿತ್ತು. ಆ ಕೀರ್ತನೆಯ ಕವಿ ಆಸಾಫನಿಗೂ ನಿದ್ರೆಯಿಲ್ಲ, ದೇವರ ವಾಗ್ದಾನ ಬಿದ್ದೇ ಹೋಯಿತೇ ಎಂದು 8ನೆಯ ವಚನದಲ್ಲಿ ಅವನು ನೇರವಾಗಿ ಕೇಳುತ್ತಾನೆ, ‘ಹಾಗಾ’ ಎಂಬ ಪದ ಬರುವುದು ಆ ಪ್ರಶ್ನೆಯ ನಂತರ, 12ರಲ್ಲಿ. ಪ್ರಶ್ನೆಯನ್ನು ನುಂಗಿಕೊಂಡು ಧ್ಯಾನಿಸಬೇಕಾಗಿಲ್ಲವೆಂಬುದು ಅವರಿಗೆ ಹೊಸದಾಗಿತ್ತು.

ಐದು ತಿಂಗಳ ನಂತರ ತಮ್ಮನ ಡಯಾಲಿಸಿಸ್ ಮುಂದುವರಿದಿತ್ತು. ಆಕೆಗೆ ಹೆಚ್ಚಿನ ರಾತ್ರಿಗಳಲ್ಲಿ ನಿದ್ರೆ ಬರುತ್ತಿತ್ತು. ಕೆಟ್ಟ ವರದಿ ಬಂದ ಎರಡು ರಾತ್ರಿ ಪಟ್ಟಿಗೆ ಹಿಂದಿರುಗಿದ್ದನ್ನೂ ಮುಚ್ಚಿಡದೆ ಹೇಳಿದರು. ನೋಟ್‌ಪುಸ್ತಕವನ್ನು ಎಸೆದಿರಲಿಲ್ಲ. ಒಂದೊಂದೇ ವಚನದ ಕೆಳಗೆ ಅದನ್ನು ಯಾರಿಗೆ, ಯಾವ ಸ್ಥಿತಿಯಲ್ಲಿ ಹೇಳಲಾಯಿತೆಂದು ಬರೆಯತೊಡಗಿದ್ದರು. ಯೆರೆಮೀಯನ ವಚನದ ಕೆಳಗೆ “70 ವರ್ಷ, ಆದರೂ ತೋಟ” ಎಂದಿತ್ತು. ಕೀರ್ತನೆ 77ರಲ್ಲಿ 10ನೆಯ ವಚನವನ್ನು ಇನ್ನೂ ದಾಟಿಲ್ಲ, ದಾಟುವ ಅವಸರವೂ ಇಲ್ಲ ಎಂದರು. ಮುಂದಿನ ಭೇಟಿಗಳನ್ನು ತಿಂಗಳಿಗೊಮ್ಮೆ ಇಟ್ಟುಕೊಂಡೆವು.