ತಟ್ಟೆಯಲ್ಲಿ ಕಿತ್ತಳೆ ವಲಯವಿದ್ದೂ ದ್ರವ ಮಾಧ್ಯಮದಲ್ಲಿ ಸೈಡರೋಫೋರ್ (ಕಬ್ಬಿಣವನ್ನು ಹಿಡಿದು ತರಲು ಬ್ಯಾಕ್ಟೀರಿಯಾ ಸ್ರವಿಸುವ ಅಣು) ಸಿಗದಿದ್ದರೆ ತಳಿಯನ್ನೇ ಬದಲಿಸಬೇಕೇ?

ಬದಲಿಸಬೇಡಿ. ಬೇರಿನಿಂದ ಬೇರ್ಪಡಿಸಿದ ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾ ಸಿಎಎಸ್ ತಟ್ಟೆಯಲ್ಲಿ (ಕ್ರೋಮ್ ಅಜುರಾಲ್ ಎಸ್ ಎಂಬ ಬಣ್ಣ ಕಬ್ಬಿಣವನ್ನು ಹಿಡಿದಿರುವ ನೀಲಿ ತಟ್ಟೆ; ಕಬ್ಬಿಣ ಕಳೆದುಕೊಂಡಲ್ಲಿ ಅದು ಕಿತ್ತಳೆಯಾಗುತ್ತದೆ) ಅಗಲವಾದ ವಲಯ ತೋರಿಸಿ ಫ್ಲಾಸ್ಕಿನಲ್ಲಿ ಏನನ್ನೂ ಕೊಡದ ಅನುಭವ ನನಗೂ ಆಗಿದೆ. ದೋಷ ತಳಿಯದ್ದಲ್ಲ, ನಿಮ್ಮ ಮಾಧ್ಯಮದಲ್ಲಿ ಕಬ್ಬಿಣವಿದೆ.

ಕಬ್ಬಿಣದ ಲವಣ ಹಾಕದಿದ್ದರೆ ಮಾಧ್ಯಮದಲ್ಲಿ ಕಬ್ಬಿಣವಿರುವುದಿಲ್ಲ ಎಂದು ನಾನು ನಂಬಿದ್ದೆ. ಬೆಳವಣಿಗೆ ಚೆನ್ನಾಗಿರಲೆಂದು ಸಕ್ಸಿನೇಟ್ ಮಾಧ್ಯಮಕ್ಕೆ ಕ್ಯಾಸಮಿನೋ ಆಮ್ಲ (ಹಾಲಿನ ಕೇಸೀನ್ ಪ್ರೋಟೀನನ್ನು ಒಡೆದು ಪಡೆದ ಅಮೈನೋ ಆಮ್ಲಗಳ ಮಿಶ್ರಣ) ಸೇರಿಸಿದೆ, ಗಾಜಿನ ಪಾತ್ರೆಗಳನ್ನು ಸಾಬೂನಿನಲ್ಲಷ್ಟೇ ತೊಳೆದೆ. ಕಬ್ಬಿಣ ಆ ಕ್ಯಾಸಮಿನೋ ಆಮ್ಲದಲ್ಲಿತ್ತು, ಫಾಸ್ಫೇಟ್ ಲವಣದ ಕಲ್ಮಶದಲ್ಲಿತ್ತು, ಗಾಜಿನ ಒಳಮೈಯಲ್ಲೂ ಅಂಟಿಕೊಂಡಿತ್ತು. ಬ್ಯಾಕ್ಟೀರಿಯಾ ದಟ್ಟವಾಗಿ ಬೆಳೆದದ್ದನ್ನು ಕಂಡು ನಾನು ಸಂತೋಷಪಟ್ಟೆ. ಕಬ್ಬಿಣದ ಕೊರತೆಯೇ ಇಲ್ಲವೆಂದು ಆ ದಟ್ಟತೆಯೇ ಹೇಳುತ್ತಿತ್ತು. ಕೋಶದೊಳಗಿನ ಫರ್ ಪ್ರೋಟೀನು ಫೆರಸ್ ಕಬ್ಬಿಣವನ್ನು ಹಿಡಿದ ಕೂಡಲೇ ಡಿಎನ್‌ಎಗೆ ಅಂಟಿಕೊಂಡು ಸೈಡರೋಫೋರ್ ತಯಾರಿಕೆಯನ್ನು ತಡೆಯುತ್ತದೆ. ಕೆಲವೇ ಮೈಕ್ರೋಮೋಲಾರ್ ಕಬ್ಬಿಣಕ್ಕೂ ಉತ್ಪಾದನೆ ಕುಸಿಯುತ್ತದೆ. ತಟ್ಟೆಯಲ್ಲಾದರೋ ಕಬ್ಬಿಣವನ್ನು ಬಣ್ಣವೇ ಬಿಗಿಯಾಗಿ ಹಿಡಿದಿರುವುದರಿಂದ ಬ್ಯಾಕ್ಟೀರಿಯಾ ಹಸಿದಿರುತ್ತದೆ. ಇದು ಹೊಳೆಯುವ ಮುನ್ನ ನಾನು ಒಳ್ಳೆಯ ತಳಿಗಳನ್ನೇ ಒಂದೊಂದಾಗಿ ಕೈಬಿಟ್ಟಿದ್ದೆ.

ತಟಸ್ಥ ಪಿಎಚ್‌ನಲ್ಲಿ ಫೆರಿಕ್ ಕಬ್ಬಿಣ ಹೈಡ್ರಾಕ್ಸೈಡ್ ಆಗಿ ತಳಕ್ಕಿಳಿದು, ಮುಕ್ತವಾಗಿ ಉಳಿಯುವುದು ಸುಮಾರು 10⁻¹⁸ ಮೋಲಾರ್ ಮಾತ್ರ. ಅದನ್ನು ಎಳೆದುಕೊಳ್ಳಲು ಸ್ಯೂಡೋಮೊನಾಸ್‌ನ ಸೈಡರೋಫೋರ್ ಆದ ಪೈಯೋವರ್ಡಿನ್ ಅಣುವಿನ ಕ್ವಿನೋಲಿನ್ ಭಾಗದ ಕ್ಯಾಟೆಕೋಲ್ ಗುಂಪೂ, ಪೆಪ್ಟೈಡ್ ಸರಪಳಿಯ ಹೈಡ್ರಾಕ್ಸಮೇಟ್ ಅಥವಾ ಹೈಡ್ರಾಕ್ಸಿ ಆಮ್ಲದ ಗುಂಪುಗಳೂ ಸೇರಿ ಆರು ಆಮ್ಲಜನಕ ಪರಮಾಣುಗಳನ್ನು ಒದಗಿಸಿ ಅಯಾನನ್ನು ಸುತ್ತುವರಿಯುತ್ತವೆ. ಹಿಡಿತದ ಬಲವನ್ನು ತೋರಿಸುವ ಅದರ ಸ್ಥಿರತಾಂಕ 10³² ರ ಆಸುಪಾಸಿನಲ್ಲಿದೆ. ಇಷ್ಟು ಬಿಗಿಯಾದ ಹಿಡಿತವುಳ್ಳ ಅಣುವನ್ನು ಕಬ್ಬಿಣ ಸಾಕಷ್ಟಿರುವಾಗ ಕೋಶ ಸುಮ್ಮನೆ ತಯಾರಿಸುವುದಿಲ್ಲ.

ಆದ್ದರಿಂದ ಪಾತ್ರೆಗಳನ್ನು 6 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿ, ಅಯಾನುರಹಿತ ನೀರಿನಲ್ಲಿ ಹಲವು ಬಾರಿ ತೊಳೆಯಿರಿ. ಕ್ಯಾಸಮಿನೋ ಆಮ್ಲ ಬೇಕೇಬೇಕೆಂದರೆ 8-ಹೈಡ್ರಾಕ್ಸಿಕ್ವಿನೋಲಿನ್‌ನಿಂದ ಕಬ್ಬಿಣ ಹಿಡಿಸಿ ಕ್ಲೋರೋಫಾರ್ಮ್‌ನಲ್ಲಿ ತೆಗೆದುಹಾಕಿ. ಇನ್ನು ವಲಯದ ಅಗಲವನ್ನು ನೋಡಿ ತಳಿಗಳಿಗೆ ಶ್ರೇಣಿ ಕೊಡುವುದನ್ನು ನಾನು ಒಪ್ಪುವುದಿಲ್ಲ. 1987ರಲ್ಲಿ ಶ್ವಿನ್ ಮತ್ತು ನೀಲ್ಯಾಂಡ್ಸ್ ಕೊಟ್ಟ ಈ ಸಿಎಎಸ್ ಪರೀಕ್ಷೆ ಬಣ್ಣದಿಂದ ಕಬ್ಬಿಣವನ್ನು ಯಾವುದೋ ಅಣು ಕಸಿದುಕೊಂಡಿತೆಂದಷ್ಟೇ ಹೇಳುತ್ತದೆ. ಸಿಟ್ರೇಟ್ ಕೂಡ ಕಸಿಯಬಲ್ಲದು. ಕೋಶಗಳನ್ನು ಬೇರ್ಪಡಿಸಿದ ದ್ರವ ಹಳದಿ-ಹಸಿರಾಗಿದ್ದು, ನೇರಳಾತೀತ ಬೆಳಕಿನಲ್ಲಿ ಹೊಳೆದು, ಒಂದು ಹನಿ ಫೆರಿಕ್ ಕ್ಲೋರೈಡಿಗೆ ಕಂದು ಬಣ್ಣಕ್ಕೆ ತಿರುಗಿ ಹೊಳಪು ಕಳೆದುಕೊಂಡರೆ ಪೈಯೋವರ್ಡಿನ್ ಇರುವುದು ಬಹುತೇಕ ಖಚಿತ, ಶುದ್ಧೀಕರಣಕ್ಕೆ ಕೈಹಾಕಿ.