ಫಾರ್ಮ್ ತುಂಬಿಸಿಕೊಂಡಿರಿ, ಸರಿ. ಆಮೇಲೆ ಏನು ಬದಲಾಯಿತು?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ವಿಶ್ವವಿದ್ಯಾಲಯಗಳ ವಿದ್ಯಾರ್ಥಿ ಕಲ್ಯಾಣ ವಿಭಾಗದಲ್ಲಿ ಕೆಲಸ ಮಾಡುವವರದ್ದು. ಹಾಸ್ಟೆಲ್, ಕೌನ್ಸೆಲಿಂಗ್, ಹೊಸಬರ ಓರಿಯೆಂಟೇಶನ್, ಮೆಂಟರ್ ಗುಂಪು, ಕ್ಲಬ್ಬು, ಉದ್ಯೋಗ ಮಾರ್ಗದರ್ಶನ, ಹೀಗೆ ಕ್ಲಾಸಿನ ಹೊರಗೆ ವಿದ್ಯಾರ್ಥಿಯನ್ನು ನೋಡಿಕೊಳ್ಳುವ ಕೆಲಸ ಇವರದ್ದು. ಎಲ್ಲರೂ ಕೇಳಿರುವುದು ಹೆಚ್ಚುಕಡಿಮೆ ಒಂದೇ: ನಾವು ಇಷ್ಟೆಲ್ಲ ಮಾಡುತ್ತೇವಲ್ಲ, ಇದರಿಂದ ಅವರಿಗೆ ಏನಾದರೂ ಆಗುತ್ತಿದೆಯಾ, ತಿಳಿಯುವುದು ಹೇಗೆ? ನಾನೂ ಹಲವು ವರ್ಷ ಇದೇ ಕೆಲಸದಲ್ಲಿ ಇದ್ದವಳು. ಅದಕ್ಕೇ ಈ ಸಂಚಿಕೆಯನ್ನು ಪೂರ್ತಿ ಇದಕ್ಕೇ ಇಟ್ಟಿದ್ದೇನೆ.

ಪ್ರಶ್ನೆ: ಮೇಡಂ, ಹೊಸಬರಿಗೆ ಪ್ರತಿ ವರ್ಷ ಮೂರು ದಿನ ಓರಿಯೆಂಟೇಶನ್ ಮಾಡುತ್ತೇವೆ. ಕೊನೇ ದಿನ ಫೀಡ್‌ಬ್ಯಾಕ್ ಫಾರ್ಮ್ ಕೊಡುತ್ತೇವೆ. ಐದಕ್ಕೆ ನಾಲ್ಕು, ನಾಲ್ಕೂವರೆ ಬರುತ್ತದೆ, ಅದು ವರದಿಗೆ ಹೋಗುತ್ತದೆ. ಆದರೆ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಅದೇ ಮಕ್ಕಳು ‘ಯಾರನ್ನು ಕೇಳಬೇಕು ಅಂತ ಗೊತ್ತಾಗಲಿಲ್ಲ’ ಎಂದು ಬಂದು ನಿಲ್ಲುತ್ತಾರೆ. ಎಲ್ಲಿ ತಪ್ಪುತ್ತಿದ್ದೇವೆ?

ನೀವು ಕೇಳಿದ್ದು ‘ಹಿಡಿಸಿತಾ’ ಅಂತ. ಅವರು ಹಿಡಿಸಿತು ಎಂದರು. ಅದು ಸುಳ್ಳಲ್ಲ. ಮೂರು ದಿನ ಹೊಸ ಗೆಳೆಯರು, ಹಾಡು, ಆಟ, ಯಾರಿಗೆ ಬೇಜಾರಾಗುತ್ತದೆ?

ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬ ಅಮೆರಿಕದ ಪ್ರೊಫೆಸರ್ 1959ರಲ್ಲಿ, ಒಂದು ತರಬೇತಿ ಫಲ ಕೊಟ್ಟಿತಾ ಎಂದು ನೋಡಲು ನಾಲ್ಕು ಮೆಟ್ಟಿಲು ಹೇಳಿದರು. ಹಿಡಿಸಿತಾ, ಕಲಿತರಾ, ಕಲಿತದ್ದನ್ನು ಬಳಸಿದರಾ, ಬಳಸಿದ್ದರಿಂದ ಕೊನೆಗೆ ಏನಾದರೂ ಬದಲಾಯಿತಾ. ನಿಮ್ಮ ಫಾರ್ಮ್ ಮೊದಲನೇ ಮೆಟ್ಟಿಲಲ್ಲೇ ನಿಂತಿದೆ. ನಾನು ನೋಡಿದ ಫಾರ್ಮ್‌ಗಳಲ್ಲಿ ಹೆಚ್ಚಿನವು ಅಲ್ಲೇ ನಿಂತಿದ್ದವು.

ಹಾಗಾದರೆ ಏನು ಮಾಡಬೇಕು? ಕಾರ್ಯಕ್ರಮ ಶುರುವಾಗುವ ಮೊದಲೇ ಒಂದು ಕಾಗದದ ಮೇಲೆ, ಇದು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿ ಏನು ಮಾಡಬಲ್ಲವನಾಗಬೇಕು ಅಂತ ಬರೆದುಕೊಳ್ಳಿ. ‘ವಿದ್ಯಾರ್ಥಿ ಸೇವೆಗಳ ಬಗ್ಗೆ ಅರಿವು ಮೂಡಿಸುವುದು’ ಎಂದು ಬರೆದರೆ ಆಗಲಿಲ್ಲ, ಅರಿವು ಮೂಡಿತೋ ಇಲ್ಲವೋ ಯಾರು ನೋಡಿದರು? ‘ಶುಲ್ಕ ಕಟ್ಟಲು ತೊಂದರೆಯಾದರೆ ಯಾವ ಕಚೇರಿಗೆ, ಯಾವ ಕಾಗದ ಹಿಡಿದು ಹೋಗಬೇಕು ಎಂದು ಹೇಳಬಲ್ಲ’ ಎಂದು ಬರೆಯಿರಿ. ಇದನ್ನು ಪರೀಕ್ಷಿಸಿ ನೋಡಬಹುದು. ಅದನ್ನೂ ಕೊನೇ ದಿನ ಕೇಳಬೇಡಿ. ಆರನೇ ವಾರದಲ್ಲಿ, ಗಲಾಟೆ ಎಲ್ಲ ಇಳಿದ ಮೇಲೆ ಕೇಳಿ.

ನಾನು ಮೊದಲು ಕೆಲಸ ಮಾಡಿದ ಕಡೆ ಹೀಗೇ ಒಂದು ಸಲ ಕೇಳಿದೆವು. ಪ್ರಶ್ನೆ ಇಷ್ಟೇ: ‘ನಿನ್ನ ಪಕ್ಕದ ರೂಮಿನವನು ನಾಲ್ಕು ದಿನದಿಂದ ಹೊರಗೆ ಬಂದಿಲ್ಲ. ಯಾರಿಗೆ ಹೇಳುತ್ತೀಯ?’ ಬಹಳ ಮಂದಿ ಬರೆದದ್ದು ‘ಸೀನಿಯರ್‌ಗೆ’ ಅಂತ. ಕೆಲವರು ‘ಯಾರಿಗೂ ಇಲ್ಲ, ಅದು ಅವನ ವಿಷಯ’ ಎಂದಿದ್ದರು. ಕೌನ್ಸೆಲರ್ ಎಂಬ ಮಾತು ಅಲ್ಲೊಂದು ಇಲ್ಲೊಂದು ಇತ್ತು ಅಷ್ಟೆ. ಅದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಕೌನ್ಸೆಲಿಂಗ್ ಬಗ್ಗೆ ನಾವು ಹೇಳಿದ್ದೆವು, ನಿಜ. ಆದರೆ ಮೊದಲ ದಿನ ಮಧ್ಯಾಹ್ನ, ಹತ್ತಾರು ಸ್ಲೈಡ್‌ಗಳ ನಡುವೆ ಒಂದು ಸ್ಲೈಡಿನಲ್ಲಿ ಹೇಳಿ ಮುಗಿಸಿದ್ದೆವು. ಮುಂದಿನ ವರ್ಷ ಆ ಭಾಗವನ್ನು ಎರಡನೇ ವಾರಕ್ಕೆ ತಳ್ಳಿ, ಹತ್ತು ಹತ್ತು ಜನರ ಗುಂಪು ಮಾಡಿ, ಕೌನ್ಸೆಲರ್ ರೂಮಿನ ಬಾಗಿಲವರೆಗೆ ಕರೆದುಕೊಂಡು ಹೋಗಿ, ಒಳಗೆ ಕೂರಿಸಿ, ಅವರ ಜೊತೆ ಐದು ನಿಮಿಷ ಮಾತಾಡಿಸಿ ಕಳಿಸಿದೆವು. ಆರನೇ ವಾರ ಅದೇ ಪ್ರಶ್ನೆ ಮತ್ತೆ ಕೇಳಿದೆವು. ಉತ್ತರ ಬೇರೆಯೇ ಇತ್ತು.

ಇನ್ನೊಂದು ಮಾತು. ಫಾರ್ಮಿನಲ್ಲಿ ಒಂದೊಂದು ಪ್ರಶ್ನೆ ಹಾಕುವ ಮೊದಲೂ ಅದರ ಪಕ್ಕದಲ್ಲಿ, ‘ಇದಕ್ಕೆ ಕೆಟ್ಟ ಉತ್ತರ ಬಂದರೆ ನಾವು ಏನು ಬದಲಾಯಿಸುತ್ತೇವೆ’ ಅಂತ ಪೆನ್ಸಿಲಿನಲ್ಲಿ ಬರೆಯಿರಿ. ಬರೆಯಲು ಏನೂ ತೋಚದಿದ್ದರೆ ಆ ಪ್ರಶ್ನೆ ಹೊಡೆದು ಹಾಕಿ. 30 ಪ್ರಶ್ನೆಯ ಫಾರ್ಮ್ ಆರಕ್ಕೆ ಇಳಿದರೆ ಗಾಬರಿಯಾಗಬೇಡಿ.

ಪ್ರಶ್ನೆ: ನಮ್ಮಲ್ಲಿ 2000 ವಿದ್ಯಾರ್ಥಿಗಳಿಗೆ ಸರ್ವೆ ಕಳಿಸಿದೆವು, 240 ಮಂದಿ ತುಂಬಿದರು. ಇಷ್ಟು ಸಾಕಾ?

ನೂರಕ್ಕೆ 12. ಎಷ್ಟು ಜನ ಅನ್ನುವುದಕ್ಕಿಂತ ಯಾರು ಅನ್ನುವುದನ್ನು ಮೊದಲು ನೋಡಿ. ಆ 240 ಜನರಲ್ಲಿ ಹಾಸ್ಟೆಲಿನವರು ಎಷ್ಟು, ಮನೆಯಿಂದ ಓಡಾಡುವವರು ಎಷ್ಟು? ಮೊದಲ ವರ್ಷದವರು ಎಷ್ಟು? ಇದನ್ನು ಇಡೀ ವಿಶ್ವವಿದ್ಯಾಲಯದ ಲೆಕ್ಕದ ಪಕ್ಕ ಇಟ್ಟು ನೋಡಿದರೆ ಯಾರ ದನಿ ಬಿಟ್ಟುಹೋಗಿದೆ ಅಂತ ಕಾಣುತ್ತದೆ. ಸಾಮಾನ್ಯವಾಗಿ ಬಿಟ್ಟುಹೋಗುವವರು ಸಂಜೆ ಕೆಲಸಕ್ಕೆ ಹೋಗುವವರು, ದೂರದಿಂದ ಬರುವವರು, ಈಗಾಗಲೇ ನಮ್ಮ ಮೇಲೆ ನಂಬಿಕೆ ಕಳೆದುಕೊಂಡವರು. ನಮ್ಮ ಕಾರ್ಯಕ್ರಮ ಯಾರಿಗೆ ತಲುಪಬೇಕಿತ್ತೋ ಅವರೇ, ಅಲ್ವಾ?

ಮುಂದಿನ ಸಲ 2000 ಜನರಿಗೂ ಕಳಿಸಬೇಡಿ. ಪಟ್ಟಿಯಿಂದ ಚೀಟಿ ಎತ್ತಿದ ಹಾಗೆ 200 ಹೆಸರು ಆರಿಸಿ. ಅವರನ್ನು ಬಿಡದೆ ಕೇಳಿ. ಅದರಲ್ಲಿ 150 ಮಂದಿ ಉತ್ತರಿಸಿದರೂ, ತಾವಾಗಿಯೇ ಮುಂದೆ ಬಂದ ಆ 240ಕ್ಕಿಂತ ಅದನ್ನು ನಾನು ಹೆಚ್ಚು ನಂಬುತ್ತೇನೆ.

ಮತ್ತೆ, ಸರಾಸರಿ ನೋಡಿ ಸಮಾಧಾನಪಡಬೇಡಿ. ಹಾಸ್ಟೆಲ್ ಹೇಗಿದೆ ಎಂಬುದಕ್ಕೆ 95 ಮಂದಿ ನಾಲ್ಕು ಅಂಕ ಕೊಟ್ಟರು, ಐದು ಮಂದಿ ಒಂದು ಕೊಟ್ಟರು ಎಂದುಕೊಳ್ಳಿ. ಸರಾಸರಿ 3.85, ಚೆನ್ನಾಗೇ ಕಾಣುತ್ತದೆ. ಆ ಐದೂ ಮಂದಿ ಗಾಲಿಕುರ್ಚಿಯಲ್ಲಿ ಓಡಾಡುವವರಾಗಿದ್ದರೆ? ಉತ್ತರಗಳನ್ನು ಗುಂಪು ಗುಂಪಾಗಿ ಬಿಡಿಸಿ ನೋಡಿದರೆ ಮಾತ್ರ ಇದು ಕಣ್ಣಿಗೆ ಬೀಳುತ್ತದೆ.

ಪ್ರಶ್ನೆ: ಮೆಂಟರ್ ಕಾರ್ಯಕ್ರಮಕ್ಕೆ ಬಂದವರ ಅಂಕ, ಬಾರದವರಿಗಿಂತ ಜಾಸ್ತಿ ಇದೆ. ಕಾರ್ಯಕ್ರಮ ಗೆದ್ದಿದೆ ಎಂದು ಹೇಳಬಹುದಲ್ಲವೇ? (ಒಬ್ಬ ಡೀನ್)

ಸರ್, ಅಷ್ಟು ಬೇಗ ಹೇಳಬೇಡಿ. ತಾವಾಗಿ ಹೆಸರು ಕೊಟ್ಟವರು ಮೊದಲೇ ಚುರುಕಾಗಿದ್ದವರಿರಬಹುದು. ಉನ್ನತ ಶಿಕ್ಷಣದ ಬಗ್ಗೆ ಜೀವಮಾನವಿಡೀ ಕೆಲಸ ಮಾಡಿದ ಅಲೆಕ್ಸಾಂಡರ್ ಆಸ್ಟಿನ್ ಇದಕ್ಕೊಂದು ಸರಳ ದಾರಿ ಹಾಕಿಕೊಟ್ಟಿದ್ದಾರೆ. ವಿದ್ಯಾರ್ಥಿ ಬರುವಾಗ ಏನು ತಂದಿದ್ದ, ಇಲ್ಲಿದ್ದಾಗ ಅವನಿಗೆ ಏನು ಸಿಕ್ಕಿತು, ಹೋಗುವಾಗ ಏನಾಗಿದ್ದ, ಈ ಮೂರನ್ನೂ ಒಟ್ಟಿಗೆ ನೋಡಬೇಕು. ಮೊದಲನೆಯದನ್ನು ಬಿಟ್ಟು ಮೂರನೆಯದನ್ನು ಮಾತ್ರ ನೋಡಿದರೆ ಅವರು ತಂದದ್ದಕ್ಕೆ ನಾವು ಹೆಸರು ತೆಗೆದುಕೊಂಡ ಹಾಗಾಗುತ್ತದೆ.

ಇದರ ಉಲ್ಟಾ ಕೂಡ ಇದೆ. ಮೊದಲ ಪರೀಕ್ಷೆಯಲ್ಲಿ ತೀರಾ ಕಡಿಮೆ ಅಂಕ ತೆಗೆದವರನ್ನೇ ಆರಿಸಿ ಮೆಂಟರ್ ಕೊಟ್ಟರೆ, ಎರಡನೇ ಪರೀಕ್ಷೆಯಲ್ಲಿ ಅವರಲ್ಲಿ ಹಲವರ ಅಂಕ ಮೆಂಟರ್ ಇಲ್ಲದಿದ್ದರೂ ಏರುತ್ತಿತ್ತು. ಮೊದಲ ಪರೀಕ್ಷೆಯ ಆ ಒಂದು ದಿನ ಅವರಿಗೆ ಜ್ವರ ಇತ್ತೋ, ಭಯ ಇತ್ತೋ.

ಪ್ರವೇಶದ ವೇಳೆ ಒಂದೇ ಮಟ್ಟದ ಅಂಕ ಇದ್ದವರನ್ನು ಜೋಡಿಸಿ, ಬಂದವರನ್ನು ಬಾರದವರ ಜೊತೆ ಹೋಲಿಸಿ. ಅದಕ್ಕಿಂತ ಒಳ್ಳೆಯದು, 60 ಸೀಟಿಗೆ 120 ಜನ ಅರ್ಜಿ ಹಾಕಿದಾಗ ಚೀಟಿ ಎತ್ತಿ ಆರಿಸುವುದು. ಎಲ್ಲರಿಗೂ ಆಸೆ ಇತ್ತು, ಅರ್ಧ ಜನಕ್ಕೆ ಸಿಕ್ಕಿತು, ಆಗ ಹೋಲಿಕೆ ಸರಿಯಾಗಿರುತ್ತದೆ. ಉಳಿದ 60 ಜನರಿಗೆ ಮುಂದಿನ ಸೆಮಿಸ್ಟರಿನಲ್ಲಿ ಮೊದಲ ಅವಕಾಶ ಕೊಡಿ. ಆದರೆ ತುಂಬಾ ಸಂಕಷ್ಟದಲ್ಲಿ ಇರುವವರನ್ನು ದಯವಿಟ್ಟು ಚೀಟಿಗೆ ಹಾಕಬೇಡಿ, ಅವರಿಗೆ ನೇರವಾಗಿ ಕೊಟ್ಟುಬಿಡಿ.

ಪ್ರಶ್ನೆ: ನಾನು ಕೌನ್ಸೆಲರ್. ‘ಎಷ್ಟು ಜನ ಬಂದರು, ಎಷ್ಟು ಜನ ಸರಿಹೋದರು’ ಎಂದು ಲೆಕ್ಕ ಕೇಳುತ್ತಾರೆ. ನನ್ನ ಕೆಲಸವನ್ನು ಹೀಗೆ ಅಳೆಯಬಹುದಾ? ಹೆಸರು ಹಾಕಬೇಡಿ.

ನಿಮ್ಮ ರೂಮಿನ ಒಳಗೆ ಆಡಿದ ಮಾತು ಅಲ್ಲೇ ಇರಬೇಕು. ಅದನ್ನು ಯಾವ ಲೆಕ್ಕಕ್ಕೂ ಬಿಟ್ಟುಕೊಡಬೇಡಿ, ಯಾರೇ ಕೇಳಲಿ.

ಆದರೆ ರೂಮಿನ ಬಾಗಿಲವರೆಗಿನ ದಾರಿಯನ್ನು ಅಳೆಯಬಹುದು, ಅಳೆಯಲೇಬೇಕು. ಒಬ್ಬಳು ಸಹಾಯ ಕೇಳಿದ ದಿನಕ್ಕೂ ನಿಮ್ಮನ್ನು ಕಂಡ ದಿನಕ್ಕೂ ನಡುವೆ ಎಷ್ಟು ದಿನ ಹೋಯಿತು? ಕಾದು ಕಾದು ಬಾರದೇ ಹೋದವರು ಎಷ್ಟು? ಒಂದೇ ಸಲ ಬಂದು ಮತ್ತೆ ಬಾರದವರು ಎಷ್ಟು, ಅದರಲ್ಲಿ ಕ್ಲಾಸಿನ ಸಮಯಕ್ಕೆ ಅಡ್ಡ ಬಂದದ್ದರಿಂದ ಬಿಟ್ಟವರು ಎಷ್ಟು? ಈ ಲೆಕ್ಕ ಇಟ್ಟರೆ ಇನ್ನೊಬ್ಬ ಕೌನ್ಸೆಲರ್ ಬೇಕು, ಸಂಜೆ ಹೊತ್ತು ಬೇಕು ಎಂದು ಕೇಳಲು ನಿಮ್ಮ ಕೈಯಲ್ಲಿ ಆಧಾರ ಇರುತ್ತದೆ. ವಿಭಾಗವಾರು ಅಂಕಿ ಕೇಳಿದರೆ, ಹತ್ತಕ್ಕಿಂತ ಕಡಿಮೆ ಇರುವ ಅಂಕಿಯನ್ನು ಬಿಡಿಯಾಗಿ ಕೊಡಬೇಡಿ. ಮೂರೇ ಹುಡುಗಿಯರಿರುವ ವಿಭಾಗದಿಂದ ‘ಒಬ್ಬರು ಬಂದಿದ್ದರು’ ಎಂದರೆ ಹೆಸರು ಹೇಳಿದ ಹಾಗೇ ಆಯಿತು.

ಬಂದವರ ಸಂಖ್ಯೆ ಏರಿದರೆ ಸಂಕಟ ಹೆಚ್ಚಿದೆ ಅಂತಲೂ ಇರಬಹುದು, ಸಂಕೋಚ ಕಡಿಮೆಯಾಗಿದೆ ಅಂತಲೂ ಇರಬಹುದು. ಅಂಕಿಯ ಜೊತೆ ಈ ಎರಡು ಸಾಲನ್ನೂ ಬರೆದು ಕೊಡಿ. ‘ತಿಂಗಳಿಗೆ ಇಷ್ಟು ಜನರನ್ನು ನೋಡಲೇಬೇಕು’ ಎಂಬ ಗುರಿಯನ್ನು ಮಾತ್ರ ಒಪ್ಪಬೇಡಿ. ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಹೇಳಿದ ಮಾತು ಈಗ ಎಲ್ಲ ಕಡೆ ಈ ರೂಪದಲ್ಲಿ ಬಳಕೆಯಲ್ಲಿದೆ: ಅಳತೆಯನ್ನೇ ಗುರಿ ಮಾಡಿಬಿಟ್ಟರೆ ಆ ಅಳತೆ ಕೆಲಸಕ್ಕೆ ಬಾರದು. ಐವತ್ತು ನಿಮಿಷದ ಮಾತು ಇಪ್ಪತ್ತಕ್ಕೆ ಇಳಿಯುತ್ತದೆ, ಸಂಖ್ಯೆ ಏರುತ್ತದೆ, ಹುಡುಗ ಅರ್ಧ ಮಾತು ಒಳಗೇ ಇಟ್ಟುಕೊಂಡು ಎದ್ದು ಹೋಗುತ್ತಾನೆ.

ಪ್ರಶ್ನೆ: ಮೂರು ವರ್ಷದಿಂದ ಫೀಡ್‌ಬ್ಯಾಕ್ ತುಂಬುತ್ತಿದ್ದೇನೆ. ಏನೂ ಆಗಿಲ್ಲ. ಇನ್ನು ಯಾಕೆ ತುಂಬಬೇಕು? (ಒಬ್ಬ ವಿದ್ಯಾರ್ಥಿನಿ)

ನಿನ್ನ ಸಿಟ್ಟು ನ್ಯಾಯವಾದದ್ದೇ, ತಂಗಿ. ಕೇಳಿ ಸುಮ್ನೆ ಇಟ್ಟುಕೊಳ್ಳುವುದಕ್ಕಿಂತ ಕೇಳದೇ ಇರುವುದೇ ವಾಸಿ ಎಂದು ನನಗೂ ಎಷ್ಟೋ ಸಲ ಅನ್ನಿಸಿದೆ. ನಿಮ್ಮ ವಿದ್ಯಾರ್ಥಿ ಪ್ರತಿನಿಧಿಗಳ ಮೂಲಕ ಒಂದೇ ಒಂದು ಬೇಡಿಕೆ ಇಡಿ. ಸರ್ವೆ ಮುಗಿದ ಒಂದು ತಿಂಗಳ ಒಳಗೆ ನೋಟಿಸ್ ಬೋರ್ಡಿನಲ್ಲಿ ಒಂದು ಪುಟ ಹಾಕಬೇಕು. ಅದರಲ್ಲಿ ನೀವು ಹೇಳಿದ್ದೇನು, ನಾವು ಮಾಡಿದ್ದೇನು, ಮಾಡಲಾಗದ್ದು ಏನು ಮತ್ತು ಯಾಕೆ ಎಂದು ಇರಬೇಕು. ಆ ಕೊನೆಯ ಭಾಗ ಬಹಳ ಮುಖ್ಯ. ಗ್ರಂಥಾಲಯವನ್ನು ರಾತ್ರಿ ತೆರೆದಿಡಲು ಕಾವಲಿಗೆ ಜನ ಇಲ್ಲ ಎಂದು ನೇರವಾಗಿ ಹೇಳಿದರೆ ವಿದ್ಯಾರ್ಥಿಗಳು ಅರ್ಥ ಮಾಡಿಕೊಳ್ಳುತ್ತಾರೆ. ಪ್ರಶ್ನೆಗಳನ್ನು ಬರೆಯುವಾಗಲೇ ಇಬ್ಬರು ವಿದ್ಯಾರ್ಥಿಗಳು ಜೊತೆಗೆ ಕೂರುವಂತಾದರೆ ಇನ್ನೂ ಒಳ್ಳೆಯದು.

ನೀನು ತುಂಬುವಾಗಲೂ ‘ಸೌಲಭ್ಯ ಸರಿಯಿಲ್ಲ’ ಎಂದು ಬರೆದು ಬಿಡಬೇಡ. ಎಲ್ಲಿ, ಯಾವ ದಿನ, ಏನಾಯಿತು ಅಂತ ಬರೆ.

ಪ್ರಶ್ನೆ: ಮೌಲ್ಯಮಾಪನ ಎಂದರೆ ನಮ್ಮ ಸಿಬ್ಬಂದಿ ಹೆದರುತ್ತಾರೆ. ಈ ಸಲ ಒಂದು ಕಾರ್ಯಾಗಾರದ ಫಲಿತಾಂಶ ಕೆಟ್ಟದಾಗಿ ಬಂದಿದೆ. ಮೇಲಿನವರಿಗೆ ತೋರಿಸಿದರೆ ಹಣ ನಿಲ್ಲಿಸುತ್ತಾರೆ ಎಂಬ ಭಯ ನನಗೂ ಇದೆ.

ಹೆದರುವುದು ಸಹಜ. ಮೌಲ್ಯಮಾಪನ ಎಂದ ಕೂಡಲೇ ನಮಗೆಲ್ಲ ನೆನಪಾಗುವುದು ಉತ್ತರ ಪತ್ರಿಕೆ ಮತ್ತು ಕೆಂಪು ಶಾಯಿ. ಅದಕ್ಕೇ ನಾನು ‘ನೋಡಿ ತಿದ್ದಿಕೊಳ್ಳುವುದು’ ಎನ್ನುತ್ತಿದ್ದೆ. ಇದರ ಫಲಿತಾಂಶವನ್ನು ಯಾರ ಬಡ್ತಿಗೂ ಜೋಡಿಸುವುದಿಲ್ಲ ಎಂದು ಮೊದಲ ಸಭೆಯಲ್ಲೇ ಹೇಳಿ, ಆ ಮಾತಿಗೆ ನಿಲ್ಲಿ.

ಕೆಟ್ಟ ಫಲಿತಾಂಶವನ್ನು ಒಂಟಿಯಾಗಿ ಕಳಿಸಬೇಡಿ. ಅದರ ಕೆಳಗೆ ಮೂರು ಸಾಲು ಸೇರಿಸಿ: ಯಾಕೆ ಹೀಗಾಯಿತು ಎಂದು ನಮಗೆ ಅನ್ನಿಸುತ್ತದೆ, ಏನು ಬದಲಾಯಿಸುತ್ತೇವೆ, ಮತ್ತೆ ಯಾವ ತಿಂಗಳು ಅಳೆಯುತ್ತೇವೆ. ನಾವು ಒಮ್ಮೆ ಹೀಗೇ ಒಂದು ನಾಯಕತ್ವ ಕಾರ್ಯಾಗಾರದ ವಿಷಯ ತೆರೆದು ಹೇಳಿದೆವು. ಪ್ರತಿ ವರ್ಷ ಕ್ಲಬ್ಬಿನ ಅದೇ ಪದಾಧಿಕಾರಿಗಳು ಬರುತ್ತಿದ್ದರು, ಹೊಸಬರು ಒಬ್ಬರೂ ಇಲ್ಲ. ಬಿಡಿಸಿ ಕೇಳಿದಾಗ ತಿಳಿದದ್ದು, ಭಾನುವಾರ ಇಟ್ಟದ್ದರಿಂದ ಮನೆಯಿಂದ ಓಡಾಡುವವರಿಗೆ ಬರಲಾಗುತ್ತಿರಲಿಲ್ಲ. ಹಣ ನಿಲ್ಲಲಿಲ್ಲ. ‘ಹಾಗಾದರೆ ವಾರದ ದಿನ ಇಡಿ, ಆ ಮಧ್ಯಾಹ್ನ ಕ್ಲಾಸ್ ಬಿಡಿಸಿಕೊಡುತ್ತೇನೆ’ ಎಂದರು ನಮ್ಮ ಡೀನ್. ಬುಧವಾರಕ್ಕೆ ಇಟ್ಟೆವು. ಹೊಸ ಮುಖಗಳಿಗೆ ಕುರ್ಚಿ ಸಾಲದೆ ಪಕ್ಕದ ರೂಮಿನಿಂದ ತರಿಸಬೇಕಾಯಿತು.